ಬಾಯೊಳಗಿನ ಇಟ್ಟಿಗೆ ಗೋಡೆ

ಅನರ್ಥಕ್ಕೆಲ್ಲ ಕಾರಣ ನಾಲ್ಕು ಬಿಲ್ಲೆ ಹಸಿ ಈರುಳ್ಳಿ.

ಮಧ್ಯಾಹ್ನ ಆಫೀಸಿನ ಹಿಂದೆ ಛೋಲೆ ಕುಲ್ಚೆ ಗಾಡಿಯ ಭಯ್ಯಾ "ಪ್ಯಾಜ್ ಡಾಲೂಂ, ಸಾಬ್?" ಎಂದು ಈರುಳ್ಳಿ ಎತ್ತಿದಾಗ ದಕ್ಷಿಣಾಮೂರ್ತಿ ಬೇಡವೆನ್ನಲು ಬಾಯಿ ತೆರೆದ. ತೆರೆದ ಬಾಯಿ ಬೇರೆಯದೇ ತೀರ್ಮಾನ ಮಾಡಿತು.

ಚಾತುರ್ಮಾಸ್ಯ ಮುಗಿಯುವವರೆಗೆ ಈರುಳ್ಳಿ ಮುಟ್ಟುವುದಿಲ್ಲವೆಂದು ಅವನು ತಾಯಿ ಇಂದಿರಮ್ಮನಿಗೆ ಮಾತು ಕೊಟ್ಟಿದ್ದ. ತಪ್ಪಿದರೆ ಶಿಕ್ಷೆಯೂ ಗೊತ್ತಾಗಿತ್ತು: ಮನೆಯಲ್ಲೂ ಡಬ್ಬಿಯಲ್ಲೂ ಒಣ ಅವಲಕ್ಕಿ, ವ್ರತ ಮುಗಿಯುವ ತನಕ. ಹಾಗಾಗಿ ದಿಲ್ಲಿಯ ರೋಹಿಣಿ ಬಡಾವಣೆಯವರೆಗೂ ಬಸ್ಸಿನಲ್ಲಿ ಏಲಕ್ಕಿ ಅಗಿದು, ಮನೆ ಸೇರುವಾಗ ಪಾಯಸದ ಪಾತ್ರೆಯಂತೆ ಘಮಘಮಿಸುತ್ತಿದ್ದ.

ಊಟದ ಮೇಜಿನ ಮೇಲೆ ಸೂಕ್ಷ್ಮದರ್ಶಕ ಕುಳಿತಿತ್ತು. ಪಕ್ಕದ ಮನೆಯ ಚಾವ್ಲಾ ಆಂಟಿ, ನಿವೃತ್ತ ಬಯಾಲಜಿ ಟೀಚರ್, ಹೊತ್ತು ತಂದಿದ್ದರು.

"ಪಪ್ಪಾ, ಮುಂಹ್ ಖೋಲೋ," ಎಂಟನೇ ಕ್ಲಾಸಿನ ಮಗಳು ಅನನ್ಯಾ ಟೂತ್‌ಪಿಕ್ ಹಿಡಿದು ಬಂದಳು. "ಕೆನ್ನೆ ಒಳಗಿಂದ ಸೆಲ್ಸ್ ಬೇಕು. ನಾಳೆ ಪ್ರಾಜೆಕ್ಟ್ ಕೊಡ್ಬೇಕು."

ದೇಶ ಸುತ್ತು, ಕೋಶ ಓದು ಅನ್ನುತ್ತಾರೆ. ದೇಶ ಸುತ್ತಿ ದಿಲ್ಲಿಗೆ ಬಂದವನನ್ನು ಈಗ ಕೋಶವೇ ಓದಲು ಹೊರಟಿತ್ತು.

"ಅಜ್ಜೀದು ತಗೋ ಪುಟ್ಟಾ."

"ನಾನು ಮಡೀಲಿದ್ದೀನಿ ಕಣೋ," ಎಂದರು ಇಂದಿರಮ್ಮ. "ನಿಂದೇ ಕೊಡು. ಈರುಳ್ಳಿ ಸೋಕದ ಬಾಯಿ, ಶುದ್ಧವಾಗಿರತ್ತೆ."

"ಮೂರ್ತೀಜೀ, ಡರಿಯೇ ಮತ್," ಚಾವ್ಲಾ ಆಂಟಿ ಅಭಯ ನೀಡಿದರು. "ಆದ್ಮಿ ಝೂಟ್ ಬೋಲ್‌ತಾ ಹೈ, ಸೆಲ್ ನಹೀಂ."

ಮನುಷ್ಯ ಸುಳ್ಳಾಡಬಹುದು, ಕೋಶ ಆಡದು! ದಕ್ಷಿಣಾಮೂರ್ತಿ ಕುರ್ಚಿ ಬಿಟ್ಟು ಎದ್ದ. ಬಾಯಿ ತೊಳೆದು ಬರುತ್ತೇನೆಂದ, ನಲ್ಲಿಯಲ್ಲಿ ನೀರಿರಲಿಲ್ಲ. ಹಲ್ಲುನೋವೆಂದ, ಆಂಟಿ ದವಡೆ ಹಿಡಿದು ತೆರೆದೇಬಿಟ್ಟರು. ಅನನ್ಯಾ ಕೆನ್ನೆ ಕೆರೆದು, ಗಾಜಿಗೆ ಸವರಿ, ನೀಲಿ ಬಣ್ಣದ ತೊಟ್ಟು ಹಾಕಿದಳು.

ಕೊಂಚ ಹೊತ್ತಿಗೆ ಆಂಟಿ ಅವನನ್ನೇ ಮೊದಲು ನೋಡಲು ಕರೆದರು. "ಚಲೋ, ಪೆಹಲೇ ಆಪ್ ದೇಖಿಯೇ."

ಒಂದು ಕಣ್ಣು ಮುಚ್ಚಿ ಬಗ್ಗಿದ. ಗಾರೆ ಮೇಸ್ತ್ರಿ ದಾರ ಹಿಡಿದು ಜೋಡಿಸಿದಂತೆ ಸಾಲುಸಾಲು ಇಟ್ಟಿಗೆಗಳು, ಪ್ರತಿಯೊಂದರೊಳಗೂ ಒಂದು ಚುಕ್ಕೆ.

"ಆ ಗೋಡೆ ಕಾಣ್ತಾ ಪಪ್ಪಾ? ಸೆಲ್ ವಾಲ್. ನಮಗೆಲ್ಲ ಇರಲ್ಲ, ಪ್ಲಾಂಟ್ಸ್‌ಗೆ ಮಾತ್ರ. ಯೇ ಪ್ಯಾಜ್ ಹೈ."

ಗೋಡೆಗೆ ಕಿವಿ ಇರುವುದು ಅವನಿಗೆ ಗೊತ್ತಿತ್ತು. ಬಾಯಿಯೂ ಇರುವುದು ಗೊತ್ತಿರಲಿಲ್ಲ.

"ನಾಲ್ಕೇ ಬಿಲ್ಲೆ ಅಮ್ಮಾ," ಎಂದ ಕಣ್ಣು ಎತ್ತದೆ. "ಕುಲ್ಚೆ ಜೊತೆ. ತಪ್ಪಾಯ್ತು."

ಇಂದಿರಮ್ಮ ಎದ್ದು ತಮ್ಮ ಕೋಣೆಗೆ ಹೋದರು.

"ಪಪ್ಪಾ," ಅನನ್ಯಾ ಮೆಲ್ಲಗೆ ಅಂದಳು, "ಇದು ಆನಿಯನ್ ಸ್ಲೈಡ್. ಕಂಪೇರ್ ಮಾಡಕ್ಕೆ ಸಂಜೆನೇ ಮಾಡಿಟ್ಟಿದ್ದೆ. ಆಪ್‌ಕಾ ತೋ ವಹಾಂ ಹೈ."

ಅವನ ಸ್ಲೈಡು ಕಿಟಕಿಯ ಬಳಿ ತಣ್ಣಗೆ ಕೂತಿತ್ತು. ಅದನ್ನೂ ನೋಡಿದರು. ಗೋಡೆಯಿಲ್ಲ, ಮೂಲೆಯಿಲ್ಲ, ಹರಿದ ಹಪ್ಪಳದಂಥ ಮುಗ್ಧ ಕೋಶಗಳು. ಈರುಳ್ಳಿಯ ಸುಳಿವೇ ಇರಲಿಲ್ಲ.

"ಏಕ್‌ದಂ ಕ್ಲೀನ್," ಎಂದು ಬೆನ್ನು ತಟ್ಟಿ ಆಂಟಿ ಹೊರಟರು.

ಆಗ ದಕ್ಷಿಣಾಮೂರ್ತಿಗೆ ಹೊಳೆಯಿತು. "ಪುಟ್ಟಾ, ಈ ಮನೇಲಿ ಈರುಳ್ಳಿ ಎಲ್ಲಿಂದ ಬಂತು? ಆಂಟಿ ಕೊಟ್ರಾ?"

ಅನನ್ಯಾ ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು. "ನಹೀಂ. ಅಜ್ಜಿ. ಮಡಿಸೀರೆ ಗಂಟಿನೊಳಗೆ ಬಚ್ಚಿಟ್ಕೊಂಡಿದ್ದಾರೆ. ಪ್ರಾಜೆಕ್ಟ್‌ಗೆ ಅಂತ ಒಂದು ಕೊಟ್ರು. ಪಪ್ಪಾಗೆ ಹೇಳ್ಬೇಡ ಅಂದ್ರು."

ದಕ್ಷಿಣಾಮೂರ್ತಿ ಎದೆಯುಬ್ಬಿಸಿ ತಾಯಿಯ ಕೋಣೆಯ ಬಾಗಿಲಿಗೆ ನಡೆದ.

"ಅಲ್ಲೇ ನಿಲ್ಲು," ಒಳಗಿನಿಂದ ದನಿ ಬಂತು. "ಮಡೀಲಿದ್ದೀನಿ. ಗಂಟು ಮುಟ್ಟಿಬಿಟ್ಟೀಯ. ಅವಲಕ್ಕಿ ಡಬ್ಬ ಮೇಲಿನ ಶೆಲ್ಫಲ್ಲಿದೆ."