ಉಳ್ಳಾಗಡ್ಡಿಯವರು ಮನೆಯಲ್ಲಿಲ್ಲ

ನಮ್ಮ ಕಾಕಾ ಆಫ್ರಿಕಾದಲ್ಲಿದ್ದಷ್ಟು ದಿನ ಪ್ರತಿ ರವಿವಾರ ತಪ್ಪದೆ ಮನೆಗೆ ಫೋನು ಮಾಡಿದ. ಮಾತಾಡಿದ್ದು ಮಾತ್ರ ಎರಡೇ ಸಲ! ಅದರಲ್ಲೂ ಒಂದು ಸಲ ಪಕ್ಕದ ಮನೆಯ ಮಾಸ್ತರರ ಜೊತೆ, ಅವರ ಮೂಲವ್ಯಾಧಿಯ ಬಗ್ಗೆ. ಇದನ್ನು ನೀವು ಜಿಪುಣತನ ಎನ್ನಬಹುದು. ಕಾಕಾನ ಎದುರಿಗೆ ಹಾಗೆಂದರೆ, "ಜಿಪುಣ ಫೋನs ಮಾಡಂಗಿಲ್ಲ. ನಾ ಮಾಡ್ತೇನಿ. ರೊಕ್ಕ ಕೊಡಂಗಿಲ್ಲ, ಅಷ್ಟs" ಎಂದು ತಿದ್ದುತ್ತಿದ್ದ.

ಕಾಕಾ ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಕೂಡಿಸುವುದರಲ್ಲಿ ಅವನದು ಎತ್ತಿದ ಕೈ. ತೊಂಬತ್ತರ ದಶಕದಲ್ಲಿ ಆ ಯಂತ್ರಗಳು ತಾಂಜಾನಿಯಾಕ್ಕೆ ಹೊರಟಾಗ ಅವುಗಳ ಬೆನ್ನಿಗೆ ಕಾಕಾನೂ ಎರಡು ವರ್ಷದ ಕರಾರಿನ ಮೇಲೆ ಹೊರಟ. ನಾನು ಆಗ ಕಾಲೇಜಿಗೆಂದು ನವನಗರದ ಅವನ ಮನೆಯಲ್ಲಿದ್ದೆ. ಮನೆಗೆ ಹೊಸದಾಗಿ ಫೋನು ಬಂದಿತ್ತು. ಕಾಕಾನ ಹೆಂಡತಿ, ನಮ್ಮ ಕಾಕು, ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ದಿನಾ ಧೂಳು ಝಾಡಿಸಿ, ಮತ್ತೆ ಹೊದಿಸುತ್ತಿದ್ದಳು.

ಪರದೇಶದಿಂದ ಮಾತಾಡುವುದೆಂದರೆ ಆಗ ಸಣ್ಣ ಖರ್ಚೇ? ಆದರೆ ಆಪರೇಟರನಿಗೆ ಒಬ್ಬರ ಹೆಸರು ಹೇಳಿ, "ಇಂಥವರೇ ಬೇಕು" ಎಂದು ಮಾಡಿಸುವ ಒಂದು ಬಗೆಯ ಕರೆ ಇತ್ತು. ಆ ಮನುಷ್ಯ ಮನೆಯಲ್ಲಿಲ್ಲ ಎಂದರೆ ದುಡ್ಡಿಲ್ಲ. ಈ ಸಂದಿಯಲ್ಲಿ ಕಾಕಾ ತನ್ನ ಯಂತ್ರ ಕೂಡಿಸಿದ. ನಮ್ಮ ಕಡೆಯ ಅಡ್ಡಹೆಸರುಗಳು ನಿಮಗೆ ಗೊತ್ತೇ ಇವೆ. ಅಡುಗೆಮನೆಯ ಒಂದು ಡಬ್ಬಿಯನ್ನೂ ಬಿಟ್ಟಿಲ್ಲ! ಹೋಗುವ ಮುಂಚಿನ ದಿನ ಕಾಕಾ ಒಂದು ಯಾದಿ ಬರೆದು ಫೋನಿನ ಮೇಲಿನ ಗೋಡೆಗೆ ಅಂಟಿಸಿದ.

"ಆಪರೇಟರ್ ಸಕ್ಕರಿಯವರು ಅದಾರೇನು ಅಂತ ಕೇಳಿದ್ರ ನಾ ಆರಾಮ ಅದೇನಿ ಅಂತ ತಿಳೀರಿ. ಅಕ್ಕಿಯವರನ್ನ ಕೇಳಿದ್ರ ರೊಟ್ಟಿ ಇಲ್ಲ, ಬರೇ ಅನ್ನ ತಿನ್ನಾಕತ್ತೇನಿ. ಮೆಣಸಿನಕಾಯಿಯವರಂದ್ರ ಸಾಹೇಬನ ಜೋಡಿ ಜಗಳ."

"ಈ ಉಳ್ಳಾಗಡ್ಡಿ ಯಾಕ್ರಿ?" ಎಂದಳು ಕಾಕು. "ಮನಿ ನೆನಪಾಗಿ ಅಳಾಕತ್ತೇರಿ ಅಂತನ?"

"ಕಣ್ಣಾಗ ನೀರು ಬಂದಾವು ಅಂತ. ಅಳೂದು ಬ್ಯಾರೆ."

ಯಾರನ್ನೇ ಕೇಳಿದರೂ ನಾವು ಇಲ್ಲವೆನ್ನಬೇಕು. ಆದರೆ ಬರೀ ಇಲ್ಲ ಎನ್ನುವಂತಿಲ್ಲ. "ಧಾರವಾಡಕ್ಕೆ ಹೋಗಿದ್ದಾರೆ" ಎಂದರೆ ಮನೆಯಲ್ಲಿ ಎಲ್ಲ ಕ್ಷೇಮ. "ಸತ್ತೂರಿಗೆ ಹೋಗಿದ್ದಾರೆ" ಎಂದರೆ ಯಾರೋ ದವಾಖಾನೆಯಲ್ಲಿದ್ದಾರೆ. ಲೈನಿನ ಆ ತುದಿಯಲ್ಲಿ ಕಾಕಾ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಾನೆ.

ಹೀಗೆ ಊರಿನ ಅಡ್ಡಹೆಸರನ್ನೆಲ್ಲ ದುಡಿಸಿಕೊಂಡ ಈ ಮನುಷ್ಯ ತನ್ನ ಹೆಂಡತಿಯ ಹೆಸರನ್ನು ಮಾತ್ರ ಒಂದು ದಿನವೂ ಬಾಯಿಗೆ ತಂದವನಲ್ಲ. ಮದುವೆಯಾದಾಗಿನಿಂದ "ಏ, ಕೇಳಿಲ್ಲೆ" ಎಂದರೆ ಕಾಕು. ಬಸ್ ಕಂಡಕ್ಟರನಿಗೂ ಅವನು ಕರೆಯುವುದು ಹಾಗೆಯೇ! "ನನಗೊಂದು ಹೆಸರು ಐತಿ ಅನ್ನೂದು ರೇಷನ್ ಕಾರ್ಡಿಗಷ್ಟs ಗೊತ್ತು ನೋಡವಾ" ಎಂದು ಕಾಕು ನನ್ನೆದುರು ನಗುತ್ತಿದ್ದಳು. ಆ ನಗುವಿನಲ್ಲಿ ಸ್ವಲ್ಪ ನೋವೂ ಇತ್ತು ಎಂದು ನನಗೆ ಆಗ ಹೊಳೆದಿರಲಿಲ್ಲ.

ರವಿವಾರ ಬೆಳಿಗ್ಗೆ ಹತ್ತಾದರೆ ಕಾಕು ತಲೆ ಬಾಚಿಕೊಂಡು, ಸೀರೆ ಸರಿಮಾಡಿಕೊಂಡು ಫೋನಿನ ಮುಂದೆ ಹಾಜರು. ಇಲ್ಲ ಎನ್ನುವುದಕ್ಕೆ ಇಷ್ಟು ಸಿಂಗಾರ! "ನೋ. ಗಾನ್ ಧಾರವಾಡ" ಎನ್ನುವುದಕ್ಕೆ ಅವಳು ನನ್ನಿಂದ ಎರಡು ವಾರ ಪಾಠ ಹೇಳಿಸಿಕೊಂಡಿದ್ದಳು. ಆಮೇಲಾಮೇಲೆ ಧೈರ್ಯ ಬಂದು ಸುದ್ದಿಯನ್ನೂ ತುರುಕತೊಡಗಿದಳು. "ಗಾನ್ ಧಾರವಾಡ, ಪೇಡಾ ತರಾಕ, ನಮ್ಮ ತಂಗಿ ಗಂಡ್ಹಡದಾಳ!" ಕಡೆಗೊಂದು ದಿನ ಆ ಕಡೆಯ ಆಪರೇಟರ್ ಹೆಂಗಸಿಗೇ ತಡೆಯಲಾಗಲಿಲ್ಲ. ಅವಳ ಇಂಗ್ಲಿಷು ತಿಳಿಯದೆ ಕಾಕು ನನ್ನ ಕೈಗೆ ಫೋನು ಕೊಟ್ಟಾಗ ನನ್ನನ್ನೇ ಕೇಳಿಬಿಟ್ಟಳು: "ಈ ಧಾರವಾಡದಲ್ಲಿ ಅಂಥದ್ದೇನಿದೆ? ನಿಮ್ಮ ಮನೆಯ ಗಂಡಸರೆಲ್ಲ ಅಲ್ಲಿಗೇ ಹೋಗುತ್ತಾರಲ್ಲ!"

ಇಷ್ಟು ಚಂದ ನಡೆದಿದ್ದ ಯಂತ್ರ ಕೆಟ್ಟದ್ದು ಮಾಸ್ತರರಿಂದ. ಪಕ್ಕದ ಮನೆಯ ಈ ನಿವೃತ್ತ ಮಾಸ್ತರರು ದಿನಾ ನಮ್ಮ ಮನೆಗೆ ಪೇಪರ್ ಓದಲು ಬರುತ್ತಿದ್ದರು. ಅವರನ್ನು ಎಲ್ಲರೂ ಮಾಸ್ತರ್ ಎಂದೇ ಕರೆದು ಕರೆದು, ಅವರಿಗೂ ಒಂದು ಅಡ್ಡಹೆಸರು ಇರಬಹುದೆಂಬುದು ನಮಗೆ ಮರೆತೇ ಹೋಗಿತ್ತು. ಒಂದು ರವಿವಾರ ಕಾಕು ಒಳಗೆ ಚಹಾ ಸೋಸುತ್ತಿದ್ದಾಗ ಫೋನು ರಿಂಗಾಯಿತು. ಹತ್ತಿರವಿದ್ದ ಮಾಸ್ತರರೇ ಎತ್ತಿದರು.

"ಮಿಸ್ಟರ್ ಮೆನಸಿನಾಕಾಯ್?"

"ಯೆಸ್! ಸ್ಪೀಕಿಂಗ್!"

ಗಾಬರಿಯಲ್ಲಿ ಕಾಕು ಸಾಣಿಗೆ ಹಿಡಿದೇ ಓಡಿಬಂದಳು. ಆಗಲೇ ಕರೆ ಕೂಡಿತ್ತು, ಮೀಟರು ಓಡಿತ್ತು. ಮಾಸ್ತರರ ಕಣ್ಣು ತುಂಬಿತ್ತು. "ಅಷ್ಟು ದೂರದಿಂದ ನನ್ನ ಹೆಸರ್ಹಿಡದು ಫೋನ್ ಮಾಡಿರೆಲ್ರಿ! ನನ್ನ ಮಕ್ಕಳೂ ಇಷ್ಟು ಕೇಳಂಗಿಲ್ಲ. ಏನಿಲ್ರಿ, ಆ ಮೂಲವ್ಯಾಧಿ ಒಂದು ಕಾಡಾಕತ್ತೈತಿ..." ಎಂದು ಆದಿಯಿಂದ ಶುರು ಮಾಡಿದರು. ಪಾಪ, ಸಾಹೇಬನ ಜೊತೆ ಜಗಳಾಡಿ ಬಂದಿದ್ದ ಕಾಕಾ ಪೂರ್ತಿ ದರದಲ್ಲಿ "ಮಜ್ಜಿಗಿ ಕುಡೀರಿ ಮಾಸ್ತರ" ಎನ್ನಬೇಕಾಯಿತು. ಮುಂದಿನ ಪತ್ರದಲ್ಲಿ ಒಂದೇ ಸಾಲು: "ಯಾದಿಯಿಂದ ಮೆಣಸಿನಕಾಯಿ ತೆಗೆಯಿರಿ."

ಕಾಕಾ ಬರಲು ಇನ್ನು ನಾಲ್ಕು ತಿಂಗಳಿದ್ದಾಗ ಕಾಕುವಿಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಗರ್ಭಕೋಶದಲ್ಲಿ ಗಡ್ಡೆ ಇದೆ, ತೆಗೆಯಬೇಕು, ಅದು ಒಳ್ಳೆಯದೋ ಕೆಟ್ಟದ್ದೋ ತೆಗೆದ ಮೇಲೆಯೇ ತಿಳಿಯುವುದು ಎಂದರು ಡಾಕ್ಟರು. "ನೋಡವಾ, ಉಳ್ಳಾಗಡ್ಡಿಯವರು ಖರೇನs ಬಂದು ಹೊಟ್ಟ್ಯಾಗ ಕುಂತಾರ" ಎಂದು ಕಾಕು ನಕ್ಕಳು. ನನಗೆ ನಗು ಬರಲಿಲ್ಲ. ಸತ್ತೂರಿನ ದವಾಖಾನೆಗೆ ಹೋಗುವಾಗ ನನ್ನ ಕೈ ಹಿಡಿದು, "ರವಿವಾರ ಫೋನ್ ಬಂದ್ರ ಧಾರವಾಡ ಅಂತನs ಹೇಳು. ಸತ್ತೂರ ಅಂದಿ ಅಂದ್ರ ಅವರು ಕರಾರು ಬಿಟ್ಟು ಓಡಿ ಬರ್ತಾರ. ಎರಡು ವರ್ಷದ ದುಡಿತ ನೀರಾಗ ಹೋಗ್ತತಿ" ಎಂದು ಆಣೆ ಹಾಕಿಸಿಕೊಂಡಳು.

ಶುಕ್ರವಾರ ಆಪರೇಷನ್ ಆಯಿತು. ರವಿವಾರ ನಾನು ಗಂಜಿ ಒಯ್ಯಲೆಂದು ಮನೆಗೆ ಬಂದಿದ್ದೆ. ಸರಿಯಾಗಿ ಹತ್ತಕ್ಕೆ ಫೋನು.

"ಮಿಸ್ಟರ್ ಸಕ್ಕರಿ?"

"ನೋ. ಗಾನ್ ಧಾರವಾಡ" ಎಂದೆ, ಆದಷ್ಟೂ ಕಾಕುವಿನ ಹಾಗೆ.

ಗೆದ್ದೆ ಎಂದುಕೊಂಡು ಗಂಜಿಯ ಡಬ್ಬಿ ಮುಚ್ಚುವಷ್ಟರಲ್ಲಿ ಮತ್ತೆ ರಿಂಗಾಯಿತು. ಒಂದು ರವಿವಾರಕ್ಕೆ ಒಂದೇ ಕರೆ. ಎರಡನೆಯದೆಂಬುದು ನಮ್ಮ ಮನೆಯ ಇತಿಹಾಸದಲ್ಲೇ ಇರಲಿಲ್ಲ!

"ಮಿಸೆಸ್ ಗೊಡವಾರಿ?"

ಗೋಡೆಯ ಯಾದಿಯನ್ನು ಮೇಲಿನಿಂದ ಕೆಳಗೆ ಓದಿದೆ. ಅಕ್ಕಿ ಇತ್ತು, ಸಕ್ಕರಿ ಇತ್ತು. ಗೊಡವಾರಿ ಎಲ್ಲಿಯೂ ಇಲ್ಲ. ಇದ್ಯಾವ ಹೊಸ ಅಡ್ಡಹೆಸರು? ಯಾರ ಗೊಡವೆ ಇದು? ಆಪರೇಟರ್ ಇನ್ನೊಮ್ಮೆ ಬಿಡಿಸಿ ಹೇಳಿದಳು. ಆಗ ತಿಳಿಯಿತು. ಗೋದಾವರಿ. ಕಾಕುವಿನ ಹೆಸರು!

ಅದು ಆ ಮನೆಯಲ್ಲಿ ರೇಷನ್ ಕಾರ್ಡು ಬಿಟ್ಟು ಹೊರಗೆ ಬಂದಿದ್ದು ಅದೇ ಮೊದಲು. ಇಲ್ಲ ಎಂದೆ. ಆಣೆ ಗೀಣೆ ಎಲ್ಲ ಮರೆತು, "ಸತ್ತೂರಕ್ಕ ಹೋಗ್ಯಾಳ" ಎಂದುಬಿಟ್ಟೆ.

"ಯಾರಿದ್ರೂ ನಡೀತತಿ, ಕೂಡಸ್ರಿ!" ಆಪರೇಟರಿಗೆ ಕನ್ನಡದಲ್ಲೇ ಕೂಗಿದ ಕಾಕಾ. ಅದೇನು ತಿಳಿಯಿತೋ ಅವಳಿಗೆ, ಕೂಡಿಸಿದಳು.

"ಏನಾಗೈತಿ ಆಕಿಗೆ? ಆ ಮಾಸ್ತರರು ಎತ್ತಿದ್ದೊಂದು ಬಿಟ್ರ, ಇಷ್ಟು ದಿನದಾಗ ರವಿವಾರ ಒಂದಿನಾನೂ ಆಕಿ ಫೋನ್ ಬಿಟ್ಟಿಲ್ಲ."

ಎಲ್ಲ ಹೇಳಿದೆ. ಆ ಕಡೆ ಮೂಗು ಸೇದುವ ಸದ್ದು ಮಾತ್ರ. ಎಷ್ಟು ಹೊತ್ತಾದರೂ ಅದೇ.

"ಕಾಕಾ, ಬಿಲ್ ಏರಾಕತ್ತೈತಿ" ಎಂದೆ.

"ಏರಲಿ" ಎಂದ ಕಾಕಾ. ಮತ್ತೆ ಅಳತೊಡಗಿದ.

ಕಾಕಾ ಆ ವಾರವೇ ಬಂದ, ಗಡ್ಡೆ ಕೆಟ್ಟದ್ದಲ್ಲ ಎಂಬ ವರದಿಯೂ ಬಂತು. ಆದರೆ ನನಗೆ ನೆನಪಿರುವುದು ಆ ರವಿವಾರದ ಮಧ್ಯಾಹ್ನ. ನಾನು ಗಂಜಿ ಬಡಿಸುತ್ತಿದ್ದೆ. ಕಾಕು ಮಲಗಿದಲ್ಲಿಂದಲೇ ಮೆಲ್ಲಗೆ ಕೇಳಿದಳು.

"ಇವತ್ತ ಯಾರನ್ನ ಕೇಳಿದ್ರು? ಸಕ್ಕರಿನೋ, ಉಳ್ಳಾಗಡ್ಡಿನೋ?"

"ನಿನ್ನನ್ನs, ಕಾಕು. ಹೆಸರು ಹೇಳಿ."

ಅವಳು ದಿಂಬಿನಿಂದ ತಲೆ ಎತ್ತಿದಳು. "ಖರೇ? ಹೆಂಗಂದ್ಲು ಆಕಿ?"

"ಮಿಸೆಸ್ ಗೊಡವಾರಿ."

ಹೊಲಿಗೆ ಬಿಚ್ಚುವ ತನಕ ನಗಬಾರದು ಎಂದು ಡಾಕ್ಟರು ತಾಕೀತು ಮಾಡಿದ್ದರು. ಕಾಕು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ನೋವಿಗೆ ಕಣ್ಣೀರು ಬರುವಷ್ಟು ನಕ್ಕಳು. ಆಮೇಲೆ ಕಣ್ಣು ಮುಚ್ಚಿಕೊಂಡು, "ಇನ್ನೊಮ್ಮೆ ಅನ್ನವಾ" ಎಂದಳು.