ಮಾವನ ಕಾರಿಗೆ ನಾನು ಬಿಟ್ಟ ಸಂದು

ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳ ಹೊಟ್ಟೆಯೊಳಗೆ ತೂರಿ, ಇಂಧನದ ಟ್ಯಾಂಕಿಗೆ ಹೊಸ ಒಳಪದರ ಕೂರಿಸಿ ಬಂದ ಮಹಾಪುರುಷ ನಾನು! ಅಂಥವನಿಗೆ ಮಾವನ ಹಳೇ ಕಾರು ಯಾವ ಲೆಕ್ಕ?

ಮಾವ ನಿವೃತ್ತ ದರ್ಜಿ. ಕಾರನ್ನು ಗುಜರಿಗೆ ಹಾಕಲು ಹೊರಟಿದ್ದರು. ಅದರ ಹಿಂದಿನ ಸೀಟಿನಲ್ಲೇ ಆಡಿ ಬೆಳೆದ ನನ್ನ ಹೆಂಡತಿ ಅತ್ತೇಬಿಟ್ಟಳು.

"ಭಾನುವಾರ ಒಂದು ಸುತ್ತು ನೆಟ್ಟಗೆ ಓಡಿದ್ರೆ ಇಟ್ಕೋತೀನಿ," ಎಂದರು ಮಾವ.

"ಓಡೋದೇನು ಮಾವ, ಹಾರುತ್ತೆ!" ಎಂದೆ.

ನಾಲ್ಕು ದಿನ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದೆ. ಹೆಂಡತಿ ಬಂದು ಮುಂದಿನ ಬಂಪರನ್ನು ಅಲ್ಲಾಡಿಸಿದಳು.

"ಏನ್ರೀ ಇದು, ಬೀಳೋ ಹಲ್ಲಿನ ಥರ ಆಡ್ತಿದೆ?"

"ಬೇಕಂತಲೇ ಸಂದು ಬಿಟ್ಟಿದ್ದೀನಿ. ವೇಗಕ್ಕೆ ಲೋಹ ಬಿಸಿಯಾಗಿ ಹಿಗ್ಗುತ್ತೆ. ನಮ್ಮ ವಿಮಾನ ಹಾರುವಾಗ ಒಂದು ಗೇಣು ಉದ್ದ ಆಗ್ತಿತ್ತು, ಗೊತ್ತಾ?"

"ರೇಡಿಯೇಟರ್ ಪೈಪೂ ಸಡಿಲ ಇದೆಯಲ್ರೀ."

"ಅದೂ ಹಿಗ್ಗಬೇಡ್ವಾ?"

ಅವಳು ಸ್ಪ್ಯಾನರ್ ಎತ್ತಿಕೊಂಡಳು. ನಾನು ಕಿತ್ತುಕೊಂಡೆ. ನಮ್ಮ ವಿಮಾನದ ಹ್ಯಾಂಗರಿನಲ್ಲಿ ತರಬೇತಿಯಿಲ್ಲದವರು ಉಪಕರಣ ಮುಟ್ಟುವಂತಿರಲಿಲ್ಲ.

ಭಾನುವಾರ ಮಾವ ನನ್ನ ಪಕ್ಕದಲ್ಲಿ, ಹೆಂಡತಿ ಹಿಂದೆ ಕುಳಿತರು. ಗೇಟು ದಾಟಿದ್ದೇ ತಡ, ಕಾರಿನ ಕೆಳಗೆಲ್ಲ ಗಡಗಡ ಸದ್ದು.

"ಈ ಸಂದು ಎಷ್ಟು ವೇಗಕ್ಕೆ ಮುಚ್ಚುತ್ತೇರೀ?" ಹೆಂಡತಿ ಕೇಳಿದಳು.

"ಶಬ್ದದ ಎರಡು ಪಟ್ಟು," ಎಂದೆ, ದನಿ ತಗ್ಗಿಸಿ.

"ಸರಿ. ಮುಂದೆ ಹಂಪ್ ಇದೆ, ನಿಧಾನ."

ಹಂಪ್ ಹತ್ತಿ ಇಳಿದೆವು. ಟಣ್!

ಮಾವ ಹಿಂದಿರುಗಿ ನೋಡಿದರು. "ಅಳಿಯಂದ್ರೇ, ರಸ್ತೇಲಿ ಬಿದ್ದಿರೋದು ನಮ್ದಾ?"

ನಾನು ಬಾಯಿ ತೆರೆಯುವ ಮೊದಲೇ ಪೈಪು ಕಳಚಿ, ಬುಸ್ಸೆಂದು ಹಬೆ ಎದ್ದು, ಕಾರು ನಿಂತಿತು.

"ನಾನೂ ಬಟ್ಟೇಲಿ ಜಾಸ್ತಿ ಜಾಗ ಬಿಡ್ತಿದ್ದೆ ಅಳಿಯಂದ್ರೇ, ಬೆಳೆಯೋ ಮಕ್ಕಳಿಗೆ," ಎಂದರು ಮಾವ. "ಮುದುಕರಿಗೆ ಯಾರಾದ್ರೂ ಬಿಡ್ತಾರಾ?"

"ಅಪ್ಪಾ, ಹಾಗಾದ್ರೆ ಗುಜರಿಗೇನಾ?" ಹೆಂಡತಿ ಹಿಂದಿನ ಸೀಟನ್ನು ಸವರಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಸುತ್ತು ಇನ್ನೂ ಮುಗಿದಿಲ್ವಲ್ಲ," ಎಂದರು ಮಾವ.

ಅಷ್ಟೇ ಸಾಕಾಯಿತು. ಅವಳು ಕೈಚೀಲದಿಂದ ಸ್ಪ್ಯಾನರ್ ತೆಗೆದಳು! ಎಂಜಿನ್ ತಣ್ಣಗಾದ ಮೇಲೆ ಪೈಪು ಬಿಗಿದು, ನೀರು ತುಂಬಿ, ತಾನೇ ಸ್ಟೀರಿಂಗ್ ಹಿಡಿದಳು. ಕಾರು ಗುರುಗುಟ್ಟಿ ಎದ್ದಿತು. ಮಾವ ನಕ್ಕು ಬಾಗಿಲು ಹಾಕಿಕೊಂಡರು. ಹಿಂದಿನ ಸೀಟಿನಲ್ಲಿ, ನಾನು ರಸ್ತೆಯಿಂದ ಎತ್ತಿ ತಂದ ಬಂಪರ್ ಅಡ್ಡಡ್ಡ ಮಲಗಿತ್ತು. ಕಾರಿನ ತುಂಬ ಜಾಗ ಬಿಟ್ಟವನಿಗೆ ಕೂರಲು ಜಾಗವಿಲ್ಲ.

"ನೀವು ನಡ್ಕೊಂಡು ಬನ್ರೀ," ಎಂದಳು ಕಿಟಕಿಯಿಂದ ತಲೆ ಹಾಕಿ. "ನಿಮಗೇನು, ನಮ್ಮ ಹಾರ್ನ್ ಕೇಳೋ ಮೊದ್ಲೇ ಮನೇಲಿರ್ತೀರ."