ಮಾವನ ಮಿಣುಕುಹುಳ ಮತ್ತು ಹಿತ್ತಾಳೆಯ ಪ್ರಭಾವಳಿ

ಒಂದು ಸೋಮವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ನಮ್ಮ ಸೋದರಮಾವ ದೇವರ ಮೈಗೆ ಕರೆಂಟು ಹರಿಸಿದರು. ದೇವರಿಗೆ ಹೂವು ಏರಿಸಿದವರನ್ನು, ಬೆಳ್ಳಿ ಕಣ್ಣು ಮಾಡಿಸಿಕೊಟ್ಟವರನ್ನು, ಕೋರ್ಟಿನ ಕಾಗದ ತಂದು ಪಾದದ ಮೇಲಿಟ್ಟು ಬೇಡಿಕೊಂಡವರನ್ನು ಕೂಡ ನೀವು ನೋಡಿರುತ್ತೀರಿ. ಇನ್ನೂರ ಮೂವತ್ತು ವೋಲ್ಟು ಸಮರ್ಪಿಸಿದ ಭಕ್ತರು ಇಡೀ ಶಿಕಾರಿಪುರದಲ್ಲಿ ನಮ್ಮ ಮಾವ ಒಬ್ಬರೇ! ಇದನ್ನು ಹೇಳುವಾಗ ಮೊದಲು ನಗು ಬರುತ್ತದೆ. ಆಮೇಲೆ ಕೈ ತಣ್ಣಗಾಗುತ್ತದೆ. ಎಷ್ಟೋ ವರ್ಷಗಳಾದರೂ ಇದೇ ಕ್ರಮ, ಒಂದು ದಿನವೂ ತಪ್ಪಿಲ್ಲ.

ಮಾವನದು ಗೊಬ್ಬರದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವಿನ ಪಡಸಾಲೆಯಲ್ಲಿ ಯೂರಿಯಾ ಚೀಲಗಳ ರಾಶಿ. ನಾನು ಆಗಷ್ಟೇ ಬಿ.ಎಸ್ಸಿ. ಮುಗಿಸಿ, ಊರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾ ಅವರ ಮನೆಯಲ್ಲೇ ಇದ್ದೆ. ಅವರಿಗೆ ಮಕ್ಕಳಿರಲಿಲ್ಲ. ಇದ್ದದ್ದು ಅತ್ತೆ, ಅಂಗಡಿ ಮತ್ತು ಎಲ್‌ಇಡಿ.

ಈಗಿನವರಿಗೆ ಎಲ್‌ಇಡಿ ಅಂದರೆ ಬೀದಿ ಬೆಳಗುವ ದೀಪ. ತೊಂಬತ್ತರ ದಶಕದ ಆ ದಿನಗಳಲ್ಲಿ ಅದು ಟೇಪ್‌ರೆಕಾರ್ಡರಿನ ಮೂಲೆಯಲ್ಲಿ ಮಿನುಗುವ ಕೆಂಪು ಚುಕ್ಕೆ, ಅಷ್ಟೆ. ಕೆಟ್ಟುಹೋದ ಒಂದು ಟೇಪ್‌ರೆಕಾರ್ಡರನ್ನು ಬಿಚ್ಚಿದಾಗ ಮಾವನಿಗೆ ಆ ಚುಕ್ಕೆ ಸಿಕ್ಕಿತು. ಎರಡು ಸೆಲ್ಲಿಗೆ ಕಟ್ಟಿದರು, ಹತ್ತಿಕೊಂಡಿತು. ಆ ಗಳಿಗೆಯಿಂದ ಅವರು ನಮ್ಮ ಕೈಗೆ ಸಿಗಲಿಲ್ಲ!

ಮೊದಲು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದರು. ಸಂಜೆ ಕರೆಂಟು ಹೋದಾಗ ಬಸ್ ಸ್ಟ್ಯಾಂಡಿನ ರಸ್ತೆಯಲ್ಲಿ ಮನುಷ್ಯ ಕಾಣುತ್ತಿರಲಿಲ್ಲ, ಎದೆಯಲ್ಲಿ ಒಂದು ಕೆಂಡ ಮಾತ್ರ ನಡೆದು ಬರುತ್ತಿತ್ತು. ಪಕ್ಕದ ಬಟ್ಟೆ ಅಂಗಡಿಯವರು ಕೂಗಿ ಹೇಳಿದರು:

"ಸಾವ್ಕಾರ್ರೇ, ಎದೆ ಹೊತ್ತಿಕೊಂಡೈತೆ ನೋಡ್ಕಳ್ರಿ!"

"ಮದುವೆ ಆದಾಗ್ಲಿಂದ ಹಂಗೇ ಐತ್ರೀ" ಅಂದರಂತೆ ಮಾವ.

ಆಮೇಲೆ ಇಲಿಗಳ ಸರದಿ. ಗೊಬ್ಬರದ ಜೊತೆ ಮಾರುತ್ತಿದ್ದ ಬಿತ್ತನೆ ಬೀಜದ ಚೀಲಗಳನ್ನು ಇಲಿ ಕೊರೆಯುತ್ತಿದ್ದವು. ಮಾವ ಒಂದು ರಟ್ಟಿಗೆ ಎರಡು ಕೆಂಪು ಕಣ್ಣು ಸಿಕ್ಕಿಸಿ ಚೀಲಗಳ ನಡುವೆ ನಿಲ್ಲಿಸಿದರು. ಬೆಕ್ಕೆಂದುಕೊಂಡು ಇಲಿ ಓಡಬೇಕು, ಇದು ಲೆಕ್ಕಾಚಾರ. ಬೆಳಗಿನ ಜಾವ ಲಾರಿ ಇಳಿಸಲು ಬಂದ ಹಮಾಲಿ ಆ ಕಣ್ಣು ನೋಡಿ ಕಿರುಚಿಕೊಂಡು ಓಡಿದ. ವಾರದ ತನಕ ಈ ಕಡೆ ತಲೆ ಹಾಕಲಿಲ್ಲ. ಇಲಿಗಳು ಆ ವಾರವೆಲ್ಲ ಯಾರ ಕಾಟವೂ ಇಲ್ಲದೆ ಆರಾಮಾಗಿ ಉಂಡವು.

ಸೊರಬದಲ್ಲಿ ಅತ್ತೆಯ ತವರಿನ ಕಡೆ ಒಂದು ಮದುವೆ. ಮದುವೆ ಮನೆಯಲ್ಲಿ ಚಪ್ಪಲಿ ಕಳೆಯುವುದು ಹೊಸದೇ? ಮಾವ ತಮ್ಮ ಹೊಸ ಚಪ್ಪಲಿಗೆ ಒಂದೊಂದು ದೀಪ ಕೂರಿಸಿದರು, ರಾಶಿಯಲ್ಲಿ ತಕ್ಷಣ ಗುರುತು ಹತ್ತಲಿ ಎಂದು. ಗುರುತು ಹತ್ತಿತು, ಕಳ್ಳನಿಗೂ! ಬರಿಗಾಲಲ್ಲಿ ಬಸ್ ಹತ್ತಿದ ಮಾವನನ್ನು ನೋಡಿ ಅತ್ತೆ ಹೇಳಿದ್ದು ಇಷ್ಟು: "ಹೋಗ್ಲಿ ಬಿಡಿ ಮಾರಾಯ್ರೆ, ಅವನಾದ್ರೂ ಕತ್ತಲಲ್ಲಿ ಎಡವದೆ ಮನೆ ಮುಟ್ಲಿ."

ನೀವು ನಗುತ್ತಿದ್ದೀರಿ. ನಗಿ. ನಾವೂ ಹೀಗೇ ನಗುತ್ತಿದ್ದೆವು. ಸೆಲ್ಲಿನಲ್ಲಿ ಉರಿಯುತ್ತಿದ್ದಷ್ಟು ದಿನ ಅದು ನಗುವ ವಸ್ತುವೇ ಆಗಿತ್ತು.

ಅತ್ತೆ ಸೋಮವಾರದ ಪೂಜೆಯನ್ನು ಬಿಟ್ಟವರಲ್ಲ. ಅವತ್ತು ದೇವರ ಜಗಲಿಯ ಹಿತ್ತಾಳೆ ಸಾಮಾನೆಲ್ಲ ಕೆಳಗಿಳಿಯಬೇಕು, ಹುಣಸೆಹಣ್ಣು ಹಚ್ಚಿ ತಿಕ್ಕಬೇಕು. ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಬಂದು ಲಿಂಗಕ್ಕೆ ನೀರೆರೆಯಬೇಕು. ಲಿಂಗದ ಹಿಂದೆ ಕಮಾನಿನಂಥ ಹಿತ್ತಾಳೆ ಪ್ರಭಾವಳಿ. ಮದುವೆಗೆ ಹೋದಾಗ ಅತ್ತೆ ಅಲ್ಲಿನ ದೇವರ ಮನೆಯಲ್ಲಿ ಬಣ್ಣದ ದೀಪದ ಸರ ನೋಡಿ, "ಎಷ್ಟು ಚೆಂದ ಇದೆ" ಅಂದಿದ್ದರು. ಒಂದೇ ಸಲ ಅಂದದ್ದು. ಮಾವನಿಗೆ ಅಷ್ಟು ಸಾಕಾಯಿತು.

ಸೆಲ್ಲು ಎರಡು ದಿನಕ್ಕೆ ಮುಗಿಯುತ್ತದೆ. ಗೋಡೆಯ ಕರೆಂಟು ಇರುವಾಗ ಸೆಲ್ಲು ಯಾಕೆ? ಮಾವ ಒಂದು ದೀಪವನ್ನು ನೇರವಾಗಿ ಪ್ಲಗ್ಗಿಗೆ ಕೊಟ್ಟರು. ಟಪ್ ಅಂತ ಸದ್ದು, ಸುಟ್ಟ ವಾಸನೆ. ಅಡುಗೆಮನೆಯಿಂದ ಅತ್ತೆಯ ದನಿ: "ಏನ್ರೀ, ನಿಮ್ಮ ಮಿಣುಕುಹುಳ ಸತ್ತೋಯ್ತಾ?"

ಮಾವ ಶಿವಮೊಗ್ಗದ ರೇಡಿಯೋ ಅಂಗಡಿಗಳನ್ನು ಸುತ್ತಿ ರೆಸಿಸ್ಟರು, ಡಯೋಡು, ಒಂದು ಪೊಟ್ಟಣ ಎಲ್‌ಇಡಿ ತಂದರು. ದೀಪಗಳನ್ನು ಒಂದರ ಬಾಲಕ್ಕೊಂದು ಬೆಸೆದು ಪ್ರಭಾವಳಿಯ ಸುತ್ತ ಕೂರಿಸಿದರು. ಅಲ್ಲಿಗೆ ಒಂದು ವೈರು ಬಂತು. ಕೊನೆಯ ದೀಪದಿಂದ ಪ್ಲಗ್ಗಿಗೆ ವಾಪಸು ಹೋಗುವ ಇನ್ನೊಂದು ವೈರು? ಅದನ್ನು ಎಳೆದರೆ ಅಂದ ಕೆಡುತ್ತದೆ ಎಂದು ಮಾವ ಕೊನೆಯ ದೀಪದ ಕಾಲನ್ನು ಪ್ರಭಾವಳಿಗೇ ಸ್ಕ್ರೂ ಹಾಕಿ ಬಿಗಿದರು. ಹಿತ್ತಾಳೆಯೇ ವೈರಾಯಿತು. ಹಿಂಬದಿಯಲ್ಲಿ, ಯಾರಿಗೂ ಕಾಣದ ಕಡೆ, ಅದಕ್ಕೊಂದು ತುಂಡು ವೈರು ಕಟ್ಟಿ ಪ್ಲಗ್ಗಿಗೆ ಸೇರಿಸಿದರು.

"ಮಾವ, ದೇವರ ಸಾಮಾನಿನಲ್ಲಿ ಕರೆಂಟು ಹರಿಸೋದು ಸರಿಯಲ್ಲ" ಅಂದೆ.

"ಏನೇ ಹುಡುಗಿ, ಇಷ್ಟು ಓದೀಯ, ಇದಕ್ಕೆ ಬೇಕಾಗಿದ್ದು ಎರಡೇ ವೋಲ್ಟು ಅಂತ ಗೊತ್ತಿಲ್ವಾ? ಇದು ಮಿಣುಕುಹುಳ. ಮಿಣುಕುಹುಳ ಕಚ್ಚಿ ಸತ್ತವರನ್ನ ಎಲ್ಲಾರ ನೋಡೀಯೇನು?"

ಟೆಸ್ಟರ್ ತಂದು ಪ್ರಭಾವಳಿಗೆ ಮುಟ್ಟಿಸಿದರು. ಟೆಸ್ಟರಿನ ದೀಪ ಉರಿಯಲಿಲ್ಲ. ಅಂಗೈಯನ್ನೇ ಇಟ್ಟು ತೋರಿಸಿದರು. ಏನೂ ಆಗಲಿಲ್ಲ. ನಾನೂ ಮುಟ್ಟಿದೆ. ತಣ್ಣಗಿತ್ತು. ಕೆಂಪು, ಹಸಿರು, ಹಳದಿ ಚುಕ್ಕೆಗಳ ನಡುವೆ ಲಿಂಗ ನಿಜಕ್ಕೂ ಚೆಂದ ಕಾಣುತ್ತಿತ್ತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಮಾವ ನೋಡಿದರು. ನೋಡದವರ ಹಾಗೆ ಸ್ಕ್ರೂ ಬಿಗಿ ಮಾಡುತ್ತಾ ನಿಂತರು.

ಟೆಸ್ಟರ್ ಸುಳ್ಳು ಹೇಳಿರಲಿಲ್ಲ. ಗೋಡೆಯ ಎರಡು ತೂತುಗಳಲ್ಲಿ ಒಂದು ಜೀವ ತೆಗೆಯುವುದು, ಇನ್ನೊಂದು ಸಾಧು. ಅವತ್ತು ಹಿತ್ತಾಳೆ ಸಾಧುವಿನ ಕಡೆ ಇತ್ತು. ಆದರೆ ನಮ್ಮ ಪ್ಲಗ್ಗು ಎರಡು ಪಿನ್ನಿನದು, ತಿರುಗಿಸಿ ಹಾಕಿದರೂ ಒಳಹೋಗುತ್ತದೆ, ಆಗ ಹಿತ್ತಾಳೆ ಜೀವ ತೆಗೆಯುವ ಕಡೆ. ಹೇಗೆ ಹೋದರೂ ದೀಪ ಅಷ್ಟೇ ಚೆಂದ ಉರಿಯುತ್ತದೆ! ದೀಪಕ್ಕೆ ಎರಡು ವೋಲ್ಟು ಸಾಕು, ನಿಜ. ಅದರ ಹಿಂದೆ ನಿಂತ ವೈರಿಗೆ ಆ ಮಾತು ಗೊತ್ತಿರುವುದಿಲ್ಲ. ಇದೆಲ್ಲ ಎಷ್ಟು ಸರಳ ನೋಡಿ. ಅದಾದ ಮೇಲೆ ಎಷ್ಟು ಸರಳ!

ಮುಂದಿನ ಸೋಮವಾರ ಅತ್ತೆ ಪ್ಲಗ್ಗು ತೆಗೆಸಿ ಪ್ರಭಾವಳಿಯನ್ನು ತಿಕ್ಕಿ ತೊಳೆದು ಒರೆಸಿಟ್ಟರು, ಸ್ನಾನಕ್ಕೆ ಹೋದರು. ಮಾವ ಅದನ್ನು ಜಗಲಿಯ ಮೇಲೆ ನಿಲ್ಲಿಸಿ ಪ್ಲಗ್ಗು ಹಾಕಿದರು. ದೀಪ ಹತ್ತಿತು. ಅತ್ತೆ ಒದ್ದೆ ಸೀರೆಯಲ್ಲಿ, ಬರಿಗಾಲಲ್ಲಿ, ತಂಬಿಗೆ ಹಿಡಿದು ಬಂದರು. ನೀರೆರೆದರು. ಪ್ರಭಾವಳಿ ಒಂಚೂರು ವಾಲಿದಂತೆ ಕಂಡಿರಬೇಕು. ಸರಿ ಮಾಡಲು ಬಲಗೈ ಚಾಚಿದರು.

ಕೂಗಲಿಲ್ಲ. ಎಲ್ಲರೂ ಕೇಳುತ್ತಾರೆ, ಕೂಗಿದರಾ ಅಂತ. ತಂಬಿಗೆ ಬಿದ್ದ ಸದ್ದು, ಅಷ್ಟೆ. ಅತ್ತೆ ದೇವರನ್ನೇ ನೋಡುತ್ತಾ ನಿಂತಿದ್ದರು, ಮೈ ಮಾತ್ರ ನಡುಗುತ್ತಿತ್ತು. ನನ್ನ ಕಣ್ಣಿಗೆ ಮೊದಲು ಅದು ಭಕ್ತಿಯ ಹಾಗೇ ಕಂಡಿತು.

ಮಾವ ಅವರನ್ನು ಹಿಡಿದುಕೊಳ್ಳಲು ಎರಡೂ ಕೈ ಚಾಚಿ ನುಗ್ಗಿದರು. "ಮಾವ, ಮುಟ್ಟಬೇಡಿ!" ಎಂದು ನಾನು ಚೀರಿದೆ. ಅವರ ಕೈ ಅತ್ತೆಯ ಭುಜಕ್ಕೆ ಒಂದು ಗೇಣು ದೂರದಲ್ಲಿ ನಿಂತಿತು. ಪ್ಲಗ್ಗು ಅತ್ತೆಯ ಆ ಬದಿಯ ಗೋಡೆಯಲ್ಲಿ, ಅವರನ್ನು ಮುಟ್ಟದೆ ಅಲ್ಲಿಗೆ ಹೋಗುವ ಹಾಗಿಲ್ಲ. ಆಗ ಮಾವ ಪಡಸಾಲೆಯಿಂದ ಒಂದು ಯೂರಿಯಾ ಚೀಲ ಎಳೆದು ತಂದರು, ಖಾಲಿ, ಒಣಗಿದ ಪ್ಲಾಸ್ಟಿಕ್ ಚೀಲ. ಅದನ್ನು ಹಿಂದಿನಿಂದ ಅತ್ತೆಯ ಸೊಂಟಕ್ಕೆ ಬಳಸಿ, ಗೋಡೆಗೆ ಕಾಲು ಕೊಟ್ಟು ಎಳೆದರು. ಇಬ್ಬರೂ ದೊಪ್ಪೆಂದು ನೆಲಕ್ಕೆ ಬಿದ್ದರು. ಅತ್ತೆ ಉಸಿರಾಡುತ್ತಿರಲಿಲ್ಲ. ಆಮೇಲೆ ಉಸಿರಾಡಿದರು. ಈ ಎರಡು ವಾಕ್ಯಗಳ ನಡುವೆ ಎಷ್ಟು ಹೊತ್ತಾಯಿತೆಂದು ನನ್ನನ್ನು ಕೇಳಬೇಡಿ. ನಾನು ಇನ್ನೂ ಅಲ್ಲೇ ನಿಂತಿರುತ್ತೇನೆ ಕೆಲವು ದಿನ.

ಡಾಕ್ಟರು ಹೃದಯ ಸರಿಯಾಗಿದೆ ಅಂದರು. ಬೆರಳ ತುದಿ ಸುಟ್ಟಿತ್ತು. ಬಲಗೈಯ ಮೂರು ಬೆರಳಿಗೆ ಸ್ಪರ್ಶ ತಿಳಿಯುತ್ತಿರಲಿಲ್ಲ, ಬರುತ್ತದೋ ಇಲ್ಲವೋ ಕಾದು ನೋಡಬೇಕು ಅಂದರು.

ಮೊದಲ ಬಸ್ಸಿಗೇ ಸೊರಬದಿಂದ ಅತ್ತೆಯ ಅಣ್ಣ ಬಂದರು. ತಂಗಿಯ ಕೈ ನೋಡಿ ಮಾವನ ಕಡೆ ತಿರುಗಿದರು:

"ಏನ್ರೀ ಭಾವ, ಲೈನ್‌ಮನ್ನುಗಳೂ ಕಂಬ ಹತ್ತೋ ಮೊದ್ಲು ಕರೆಂಟ್ ತೆಗೆಸ್ತಾರೆ. ನೀವು ಕರೆಂಟ್ ಹಾಕಿ ಆಮೇಲೆ ಹೆಂಡ್ತಿನ ಹತ್ತಿಸಿದ್ರಲ್ಲ!"

ಮಾವ ಮಾತಿಗೆ ಮಾತು ಕೊಡದೇ ಇದ್ದದ್ದನ್ನು ನಾನು ಮೊದಲು ನೋಡಿದ್ದು ಆಗ.

"ಕೈ ಸರಿ ಆಗೋ ತನಕ ನಮ್ಮನೇಲಿರು, ನಡಿ" ಅಂದರು ಅಣ್ಣ.

"ಇವ್ರನ್ನ ಒಬ್ರನ್ನೇ ಬಿಟ್ಟು ಬಂದ್ರೆ ಅಷ್ಟೆ ಅಣ್ಣಯ್ಯ, ಊರಿಗೂರೇ ಹೊತ್ತಿಸಿಬಿಡ್ತಾರೆ" ಎಂದು ಅತ್ತೆ ಎಡಗೈ ಅಲ್ಲಾಡಿಸಿದರು. ಅಣ್ಣ ನಕ್ಕರು. ಮಾವ ಎದ್ದು ಹಿತ್ತಲಿಗೆ ಹೋದರು.

ಅದಾದ ಮೇಲೆ ಮನೆಗೆ ಬೇರೆಯದೇ ಕತ್ತಲೆ ಕವಿಯಿತು. ಮಾವ ಮೊದಲು ಪ್ರಭಾವಳಿಯ ದೀಪಗಳನ್ನು ಕಿತ್ತರು, ಆಮೇಲೆ ಮಿಕ್ಸಿಯ ಪ್ಲಗ್ಗು, ಇಸ್ತ್ರಿ ಪೆಟ್ಟಿಗೆಯ ವೈರು, ಕೊನೆಗೆ ಮನೆಯ ಫ್ಯೂಸೇ ತೆಗೆದು ಜೇಬಿನಲ್ಲಿಟ್ಟುಕೊಂಡರು. ಅಡುಗೆ ಚಿಮಣಿ ಬೆಳಕಲ್ಲಿ, ಚಟ್ನಿ ಒರಳಲ್ಲಿ. ರುಬ್ಬಲು ನಾನು ಕೂತರೆ, ಎಡಗೈಯಲ್ಲಿ ಕಾಯಿತುರಿ ಹಾಕುತ್ತಾ ಅತ್ತೆ ಗೊಣಗುತ್ತಿದ್ದರು: "ಕರೆಂಟು ಒಂದೇ ಸಲಕ್ಕೆ ಬಿಟ್ಟಿತ್ತು ಕಣೆ. ಈ ಒರಳು ದಿನಾ ಸಾಯಿಸ್ತಿದೆ."

ಮಾವನ ಕೈಗೆ ಟೆಸ್ಟರ್ ಅಂಟಿಕೊಂಡಿತು. ಫ್ಯೂಸಿಲ್ಲದ ಮನೆಯಲ್ಲಿ ಬಾಗಿಲ ಚಿಲಕಕ್ಕೆ ಟೆಸ್ಟರ್, ನೀರಿನ ಕೊಡಪಾನಕ್ಕೆ ಟೆಸ್ಟರ್, ಹಿತ್ತಲಿನ ಬಿಲ್ವಪತ್ರೆ ಗಿಡಕ್ಕೂ ಟೆಸ್ಟರ್! ಒಂದು ಬೆಳಿಗ್ಗೆ ಅತ್ತೆಯ ತೋಳಿಗೇ ಮುಟ್ಟಿಸಿದರು.

"ಏನ್ರೀ ಇದು? ನಾನೇನು ಸ್ವಿಚ್ ಬೋರ್ಡಾ?"

"ಸುಮ್ನಿರೇ. ಒಳಗೆ ಒಂಚೂರು ಉಳಕೊಂಡಿದ್ರೆ?"

ನಾನು ಕಲಿತ ವಿಜ್ಞಾನದಲ್ಲಿ ಇದಕ್ಕೆ ಉತ್ತರವಿತ್ತು. ಎದ್ದು ಒರಳಿನ ಮುಂದೆ ಕೂತು ರುಬ್ಬತೊಡಗಿದೆ.

ಮಾವ ನಿದ್ದೆ ಬಿಟ್ಟಿದ್ದರು. ಅತ್ತೆಯ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಉಸಿರು ಕೇಳುತ್ತಾ ಕೂರುತ್ತಾರೆಂದು ಅತ್ತೆಯೇ ಹೇಳಿದರು. "ಉಸಿರು ಮೆಲ್ಲಗಾದ್ರೆ ಅಲ್ಲಾಡಿಸ್ತಾರೆ. 'ಮಲಗಿದೀಯೇನೇ?' ಅಂತಾರೆ. 'ಮಲಗಿದ್ದೆ ಮಾರಾಯ್ರೆ, ಈಗ ಎದ್ದೆ' ಅಂತೀನಿ. ಸಮಾಧಾನ ಆಗುತ್ತೆ. ಮತ್ತೆ ಅರ್ಧ ಗಂಟೆಗೆ ಅದೇ." ಬೆಳಿಗ್ಗೆ ಇಬ್ಬರ ಕಣ್ಣೂ ಕೆಂಡ. ಅಂಗಡಿಯಲ್ಲಿ ಮಾವ ಯೂರಿಯಾ ಕೇಳಿದವರಿಗೆ ಸೂಪರ್ ಫಾಸ್ಫೇಟ್ ಕೊಡುತ್ತಿದ್ದರು. ರೈತರಿಗೆ ವಿಷಯ ಗೊತ್ತಿತ್ತು. ತಾವೇ ಚೀಲ ಬದಲಾಯಿಸಿಕೊಂಡು ಹೋಗುತ್ತಿದ್ದರು.

ಹೀಗೆ ಇವರು ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿತು. ಅತ್ತೆಗೂ ಅನ್ನಿಸಿರಬೇಕು. ಒಂದು ದಿನ ನನ್ನನ್ನು ಹತ್ತಿರ ಕರೆದು, ಕರೆಂಟಿನಲ್ಲಿ ದೀಪ ಹಚ್ಚಿದರೂ ಕೈಗೆ ಹೊಡೆಯದ ಹಾಗೆ ಮಾಡಲು ದಾರಿಯೇ ಇಲ್ಲವಾ ಎಂದು ಕೇಳಿದರು. ಇದೆ ಅಂದೆ. ಟೇಪ್‌ರೆಕಾರ್ಡರಿಗೆ ಹಾಕುವ ಎಲಿಮಿನೇಟರ್ ಎಂಬ ಡಬ್ಬಿ. ಅದರೊಳಗೆ ಎರಡು ಬೇರೆ ಬೇರೆ ಸುರುಳಿ, ಗೋಡೆಯ ವೈರು ಒಂದಕ್ಕೇ ನಿಲ್ಲುತ್ತದೆ, ಈಚೆಗೆ ಬರುವುದು ಸೆಲ್ಲಿನಷ್ಟೇ ಶಕ್ತಿ. ದೀಪಗಳನ್ನು ಹಲಗೆಗೆ ಕೂರಿಸಿ, ವೈರನ್ನೆಲ್ಲ ಕೊಳವೆಯಲ್ಲಿ ಮುಚ್ಚಿ, ನೀರಿನಿಂದ, ಹಿತ್ತಾಳೆಯಿಂದ ದೂರ ಇಟ್ಟರೆ ಆಯಿತು.

"ತಗೊಂಡು ಬಾ. ಒಳ್ಳೇದನ್ನೇ ತಗೊಂಡು ಬಾ."

ಮಾವ ಒಪ್ಪಲಿಲ್ಲ. ಆ ಡಬ್ಬಿಯನ್ನು ಮನೆಯೊಳಗೆ ತರಬೇಡ ಅಂದರು. ಅತ್ತೆ ಅವರ ಎದುರು ಕೂತರು. "ನಂಗೆ ದೀಪ ಬೇಕು ಅಂತಲ್ರೀ. ನೀವು ಹಿಂಗೆ ಕೈ ಕಟ್ಕೊಂಡು ಕೂತಿರೋದು ನನ್ನ ಕೈಲಿ ನೋಡಕ್ಕಾಗ್ತಿಲ್ಲ."

ಮಾವ ಜೇಬಿನಿಂದ ಫ್ಯೂಸು ತೆಗೆದರು. ಹಲಗೆಯ ಕೆಲಸ ಮುಗಿಸಲು ಅವರಿಗೆ ವಾರ ಹಿಡಿಯಿತು. ಒಂದೊಂದು ಬೆಸುಗೆಯನ್ನೂ ನನಗೆ ತೋರಿಸಿ, ತಾವು ನೋಡಿ, ಮತ್ತೆ ನನಗೆ ತೋರಿಸುತ್ತಿದ್ದರು. ಮುಗಿದ ಮೇಲೆ ರಬ್ಬರ್ ಚಪ್ಪಲಿ ಹಾಕಿಕೊಂಡು, ಕಂಕುಳಲ್ಲಿ ಒಂದು ಯೂರಿಯಾ ಚೀಲ ಇಟ್ಟುಕೊಂಡು ಸ್ವಿಚ್ಚು ಒತ್ತಿದರು. ದೇವರ ಮನೆಗೆ ಚಪ್ಪಲಿ! ಹಲಗೆಯ ತುಂಬ ಚುಕ್ಕೆಗಳು ಹತ್ತಿಕೊಂಡವು.

"ದೂರ ನಿಲ್ಲು" ಅಂದರು ಮಾವ.

ಅತ್ತೆ ದೂರ ನಿಲ್ಲಲಿಲ್ಲ. ನಾವಿಬ್ಬರೂ ಬಾಯಿ ತೆರೆಯುವಷ್ಟರಲ್ಲಿ ಬಲಗೈ ಎತ್ತಿ, ಆ ಮೂರು ಬೆರಳುಗಳನ್ನೇ ಒಂದು ಕೆಂಪು ದೀಪದ ಮೇಲೆ ಇಟ್ಟರು. ಇಟ್ಟು, ಹಾಗೇ ನಿಂತರು.

"ನುಣ್ಣಗಿದೆ ಕಣ್ರೀ" ಅಂದರು. ಮೆಲ್ಲಗೆ, ತಮಗೇ ಆಶ್ಚರ್ಯವಾದ ಹಾಗೆ. "ನುಣ್ಣಗಿದೆ ಅಂತ ಗೊತ್ತಾಗ್ತಿದೆ."

ಮಾವ ಆ ಬೆರಳುಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಜಗಲಿಯ ಮುಂದೆಯೇ ಕುಸಿದು ಕೂತರು. ಅಷ್ಟು ದಿನ ಅಳದವರು ಅವತ್ತು ಅತ್ತರು. ಕಂಕುಳಲ್ಲಿದ್ದ ಚೀಲ ಕೆಳಗೆ ಬಿದ್ದದ್ದು ಅವರಿಗೆ ಗೊತ್ತಾಗಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಎದ್ದಾಗ ಬಿಸಿಲು ಪಡಸಾಲೆಗೆ ಬಂದಿತ್ತು. ಮನೆಯಲ್ಲಿ ಸದ್ದಿಲ್ಲ. ಹೆದರಿ ಕೋಣೆಯ ಬಾಗಿಲಿಗೆ ಓಡಿದೆ. ಕುರ್ಚಿ ಖಾಲಿ. ಮಂಚದ ಮೇಲೆ ಮಾವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು, ಪಕ್ಕದಲ್ಲಿ ಅತ್ತೆ ಮುಸುಕು ಹೊದ್ದು ಮಲಗಿದ್ದರು. ಹೊದಿಕೆ ಏರಿ ಇಳಿಯುವುದನ್ನು ನಾನು ತುಂಬ ಹೊತ್ತು ನೋಡಿದೆ.

ಅಂಗಡಿಯ ಬಾಗಿಲನ್ನು ಯಾರೋ ತಟ್ಟಿದರು. ತೆಗೆದೆ. ಎತ್ತಿನ ಗಾಡಿ ತಂದಿದ್ದ ನಾಲ್ಕೈದು ಜನ ರೈತರು.

"ಸಾವ್ಕಾರ್ರು ಎಲ್ಲಿ ತಾಯೀ?"

"ಮಲಗಿದಾರೆ. ಇಬ್ರೂ ಮಲಗಿದಾರೆ."

ಮುಂದೆ ನಿಂತಿದ್ದ ಮುದುಕ ನನ್ನ ಮುಖವನ್ನೇ ನೋಡಿದ. ಆಮೇಲೆ ಹಿಂದೆ ತಿರುಗಿ, ಜೋರಾಗಿ ಹರಟುತ್ತಿದ್ದವರಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸಿದ. ತಾನೇ ಹೋಗಿ ಎತ್ತುಗಳ ಕೊರಳ ಗಂಟೆಯನ್ನು ಕೈಯಲ್ಲಿ ಹಿಡಿದುಕೊಂಡ. ಉಳಿದವರು ಅಂಗಡಿಯ ಕಟ್ಟೆಯ ಮೇಲೆ ಸದ್ದಿಲ್ಲದೆ ಕೂತರು.